ಕಟ್ಟಡ ಪರವಾನಗಿ ಮತ್ತು ಯೋಜನಾ ನಿಯಮಗಳ ಜಾರಿ: ನಗರ ಸ್ಥಳೀಯ ಸಂಸ್ಥೆಗಳ ಪಾತ್ರ ಹಾಗೂ ನಾಗರಿಕರು ತಿಳಿದಿರಬೇಕಾದ ಅಂಶಗಳು

ನಗರ ಮತ್ತು ಪಟ್ಟಣ ಪ್ರದೇಶಗಳಲ್ಲಿ ಮನೆ, ಅಂಗಡಿ, ವಸತಿ ಸಮುಚ್ಚಯ ಅಥವಾ ಇತರೆ ಯಾವುದೇ ಕಟ್ಟಡವನ್ನು ನಿರ್ಮಿಸಲು, ಇರುವ ಕಟ್ಟಡಕ್ಕೆ ಅಂತಸ್ತು ಸೇರಿಸಲು ಅಥವಾ ಅದರ ಉಪಯೋಗವನ್ನು ಬದಲಾಯಿಸಲು ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯ ಪೂರ್ವಾನುಮತಿ ಅಗತ್ಯವಾಗಿರುತ್ತದೆ. ಈ ಅನುಮತಿಯನ್ನು ಯಾರು, ಯಾವ ಕಾನೂನಿನ ಅಡಿಯಲ್ಲಿ, ಯಾವ ಅಂಶಗಳನ್ನು ಪರಿಶೀಲಿಸಿ ನೀಡುತ್ತಾರೆ, ನಿಯಮ ಉಲ್ಲಂಘನೆಯಾದಲ್ಲಿ ಯಾವ ಕ್ರಮ ಜರುಗಿಸಲಾಗುತ್ತದೆ ಮತ್ತು ಅಂತಹ ಸಂದರ್ಭದಲ್ಲಿ ನಾಗರಿಕರಿಗಿರುವ ಹಕ್ಕುಗಳೇನು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇದು ಸಾಮಾನ್ಯ ಮಾಹಿತಿಗಾಗಿ ಮಾತ್ರ. ನಿರ್ದಿಷ್ಟ ಪ್ರಕರಣಗಳಲ್ಲಿ ಆಯಾ ಸ್ಥಳೀಯ ಸಂಸ್ಥೆಯ ಉಪವಿಧಿಗಳು ಹಾಗೂ ಆಯಾ ಯೋಜನಾ ಪ್ರದೇಶದ ವಲಯ ನಿಯಮಾವಳಿಗಳೇ ಅನ್ವಯಿಸುತ್ತವೆ.

1. ನಿಯಂತ್ರಣದ ಉದ್ದೇಶ

ತನ್ನ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳಲು ಸರ್ಕಾರದ ಅನುಮತಿ ಏಕೆ ಬೇಕು ಎಂಬ ಪ್ರಶ್ನೆ ಅನೇಕರಲ್ಲಿ ಮೂಡುವುದು ಸಹಜ. ಕಟ್ಟಡವೊಂದರ ಪರಿಣಾಮವು ಅದರ ಮಾಲೀಕರಿಗೆ ಮಾತ್ರ ಸೀಮಿತವಾಗಿರುವುದಿಲ್ಲ. ಪಕ್ಕದ ಮನೆಗೆ ದೊರೆಯುವ ಗಾಳಿ ಮತ್ತು ಬೆಳಕು, ರಸ್ತೆಯ ಅಗಲ, ಒಳಚರಂಡಿಯ ಸಾಮರ್ಥ್ಯ, ಮಳೆನೀರು ಹರಿದುಹೋಗುವ ದಾರಿ, ಅಗ್ನಿಶಾಮಕ ವಾಹನದ ಪ್ರವೇಶ ಇವೆಲ್ಲವೂ ಆ ಕಟ್ಟಡದೊಂದಿಗೆ ಸಂಬಂಧ ಹೊಂದಿವೆ. ರಾಜಕಾಲುವೆಯ ಮೇಲೆ ಒಬ್ಬರು ಕಟ್ಟಿದ ಗೋಡೆಯಿಂದ ಮಳೆಗಾಲದಲ್ಲಿ ಇಡೀ ಬಡಾವಣೆಗೆ ನೀರು ನುಗ್ಗಬಹುದು.

ಸುರಕ್ಷತೆಯ ವಿಷಯವಂತೂ ಇನ್ನೂ ಗಂಭೀರವಾದುದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಸಂಭವಿಸಿದ ಅಗ್ನಿ ಅನಾಹುತದಲ್ಲಿ 9 ಮಂದಿ ಮೃತಪಟ್ಟರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 9 ಮಂದಿ ಸಾವಿಗೀಡಾದರು. ನಕ್ಷೆಯ ಪರಿಶೀಲನೆ, ಕಾಮಗಾರಿಯ ತಪಾಸಣೆ ಮತ್ತು ಪೂರ್ಣಗೊಂಡ ಕಟ್ಟಡದ ಪ್ರಮಾಣೀಕರಣ ಎಂಬ ಮೂರು ಹಂತಗಳೂ ಇಂತಹ ಅನಾಹುತಗಳನ್ನು ತಡೆಯುವ ಉದ್ದೇಶದಿಂದಲೇ ರೂಪುಗೊಂಡಿವೆ. ಆದ್ದರಿಂದ ಇವನ್ನು ಕೇವಲ ಕಾಗದಪತ್ರಗಳ ವ್ಯವಹಾರವೆಂದು ಭಾವಿಸಬಾರದು.

2. ಅನ್ವಯವಾಗುವ ಕಾನೂನುಗಳು ಮತ್ತು ಸಕ್ಷಮ ಸಂಸ್ಥೆಗಳು

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಗೆ ಬಂದಿತು. ಇದರ ಮೂಲಕ ಸೇರ್ಪಡೆಯಾದ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಲಾಗಿದೆ. ಆ ಪಟ್ಟಿಯ ಮೊದಲನೆಯ ವಿಷಯ ನಗರ ಯೋಜನೆ; ಎರಡನೆಯದು ಭೂ ಉಪಯೋಗ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಕಾನೂನುಗಳು ಈ ಕೆಳಗಿನಂತಿವೆ:

(ಅ) ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ಮಹಾಯೋಜನೆಯ ತಯಾರಿಕೆ, ಭೂ ಉಪಯೋಗದ ನಿರ್ಧಾರ ಹಾಗೂ ಬಡಾವಣೆ ವಿನ್ಯಾಸದ ಅನುಮೋದನೆಗಳು ಇದರ ವ್ಯಾಪ್ತಿಗೆ ಬರುತ್ತವೆ.

(ಆ) ಕರ್ನಾಟಕ ಪುರಸಭೆಗಳ ಅಧಿನಿಯಮ, 1964. ಪಟ್ಟಣ ಪಂಚಾಯಿತಿ, ಪುರಸಭೆ ಮತ್ತು ನಗರಸಭೆಗಳಿಗೆ ಅನ್ವಯಿಸುತ್ತದೆ. ಕಟ್ಟಡಗಳ ನಿಯಂತ್ರಣದ ಉಪಬಂಧಗಳು ಇದರ 187ನೆಯ ಪ್ರಕರಣದಲ್ಲಿವೆ.

(ಇ) ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ಮುಂತಾದ ಮಹಾನಗರ ಪಾಲಿಕೆಗಳಿಗೆ ಅನ್ವಯಿಸುತ್ತದೆ.

(ಈ) ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024. 2025ರ ಮೇ 15ರಿಂದ ಜಾರಿಗೆ ಬಂದಿದ್ದು, ಇದರ ಅನುಸಾರ 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಆದುದರಿಂದ ಬೆಂಗಳೂರಿನ ಅರ್ಜಿದಾರರು ತಮ್ಮ ಸ್ವತ್ತು ಈಗ ಯಾವ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮವು ಅನ್ವಯಿಸುತ್ತದೆ. ಗ್ರಾಮವು ಯಾವುದೇ ಯೋಜನಾ ಪ್ರಾಧಿಕಾರದ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬರುವುದಾದರೆ ಆ ಪ್ರಾಧಿಕಾರದ ನಿಯಮಗಳೂ ಅನ್ವಯಿಸುತ್ತವೆ. ನಗರದ ಅಂಚಿನ ಗ್ರಾಮಗಳಲ್ಲಿ ನಿವೇಶನ ಕೊಳ್ಳುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು.

ಸ್ಥಳೀಯ ಸಂಸ್ಥೆಯಲ್ಲಿ ಚುನಾಯಿತ ಆಡಳಿತ ಮಂಡಳಿ ಮತ್ತು ಅಧಿಕಾರಿಗಳ ಪಾತ್ರ ಬೇರೆ ಬೇರೆಯಾಗಿದೆ. ಉಪವಿಧಿಗಳು ಮತ್ತು ಅಭಿವೃದ್ಧಿ ಕಾರ್ಯಗಳಂತಹ ವಿಷಯಗಳನ್ನು ಆಡಳಿತ ಮಂಡಳಿಯು ಪರಿಗಣಿಸುತ್ತದೆ. ಮಹಾನಗರ ಪಾಲಿಕೆಗಳಲ್ಲಿ ನಗರ ಯೋಜನೆಗಾಗಿಯೇ ಸ್ಥಾಯಿ ಸಮಿತಿ ಇರುತ್ತದೆ. ಪ್ರತ್ಯೇಕ ಅರ್ಜಿಗಳ ಪರಿಶೀಲನೆ ಮತ್ತು ಮಂಜೂರಾತಿಯ ಕಾರ್ಯವನ್ನು ಪಾಲಿಕೆಯಲ್ಲಿ ಆಯುಕ್ತರು, ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಹಾಗೂ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳು ಅಥವಾ ಅವರಿಂದ ಅಧಿಕಾರ ಪಡೆದ ನಗರ ಯೋಜನಾ ವಿಭಾಗದ ಅಧಿಕಾರಿಗಳು ನಿರ್ವಹಿಸುತ್ತಾರೆ. ವಾರ್ಡಿನ ಸದಸ್ಯರ ಮೌಖಿಕ ಒಪ್ಪಿಗೆಯು ಪರವಾನಗಿಯಾಗುವುದಿಲ್ಲ.

3. ಮೂರು ಪ್ರತ್ಯೇಕ ಅನುಮತಿಗಳು

ಅರ್ಜಿದಾರರಲ್ಲಿ ಹೆಚ್ಚು ಗೊಂದಲ ಉಂಟುಮಾಡುವ ವಿಷಯವಿದು. ಈ ಕೆಳಗಿನ ಮೂರು ಅನುಮತಿಗಳು ಒಂದಕ್ಕೊಂದು ಪರ್ಯಾಯವಲ್ಲ.

ಭೂಪರಿವರ್ತನೆ: ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಕಂದಾಯ ಇಲಾಖೆಯ ಮೂಲಕ ನಡೆಯುವ ಪ್ರಕ್ರಿಯೆ.

ವಿನ್ಯಾಸ ಅನುಮೋದನೆ: ಜಮೀನನ್ನು ನಿವೇಶನಗಳಾಗಿ ವಿಂಗಡಿಸಲು ಯೋಜನಾ ಪ್ರಾಧಿಕಾರವು ನೀಡುವ ಅನುಮೋದನೆ. ರಸ್ತೆ, ಉದ್ಯಾನ ಹಾಗೂ ನಾಗರಿಕ ಸೌಲಭ್ಯಗಳಿಗಾಗಿ ಜಾಗ ಬಿಟ್ಟು, ಅವುಗಳನ್ನು ಸ್ಥಳೀಯ ಸಂಸ್ಥೆ ಅಥವಾ ಪ್ರಾಧಿಕಾರಕ್ಕೆ ಹಸ್ತಾಂತರಿಸಬೇಕಾಗುತ್ತದೆ.

ಕಟ್ಟಡ ಪರವಾನಗಿ: ನಿರ್ದಿಷ್ಟ ನಿವೇಶನದಲ್ಲಿ ನಿರ್ದಿಷ್ಟ ನಕ್ಷೆಯಂತೆ ಕಟ್ಟಲು ಸ್ಥಳೀಯ ಸಂಸ್ಥೆಯು ನೀಡುವ ಅನುಮತಿ.

ಭೂಪರಿವರ್ತನೆಯಾದ ಜಮೀನಿನಲ್ಲಿ ವಿನ್ಯಾಸ ಅನುಮೋದನೆಯಿಲ್ಲದೆ ಮಾಡಿದ ನಿವೇಶನಗಳು ಅನುಮೋದಿತ ನಿವೇಶನಗಳಾಗುವುದಿಲ್ಲ. ಅದೇ ರೀತಿ, ನೋಂದಣಿಯಾದ ಕ್ರಯಪತ್ರವು ಸ್ವತ್ತಿನ ವರ್ಗಾವಣೆಗೆ ದಾಖಲೆಯೇ ಹೊರತು ಕಟ್ಟುವ ಅನುಮತಿಯಲ್ಲ. ಖಾತೆಯು ಮುಖ್ಯವಾಗಿ ತೆರಿಗೆ ನಿರ್ಧರಣೆಯ ದಾಖಲೆ. ಆಸ್ತಿ ತೆರಿಗೆ ಪಾವತಿಸಿದ ರಸೀದಿಯಿಂದ ಅನಧಿಕೃತ ಕಟ್ಟಡವು ಅಧಿಕೃತವಾಗುವುದಿಲ್ಲ.

4. ಅರ್ಜಿ ಸಲ್ಲಿಸುವ ಮುನ್ನ

ಅರ್ಜಿದಾರರು ಮೊದಲಿಗೆ ತಮ್ಮ ನಿವೇಶನಕ್ಕೆ ಮಹಾಯೋಜನೆಯಲ್ಲಿ ಯಾವ ಭೂ ಉಪಯೋಗವನ್ನು ನಿಗದಿಪಡಿಸಲಾಗಿದೆ ಎಂಬುದನ್ನು ಯೋಜನಾ ಪ್ರಾಧಿಕಾರದಿಂದ ತಿಳಿದುಕೊಳ್ಳುವುದು ಸೂಕ್ತ. ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಮತ್ತು ಅರೆಸಾರ್ವಜನಿಕ, ಉದ್ಯಾನ ಮತ್ತು ಬಯಲು, ಸಾರಿಗೆ, ಕೃಷಿ ಹೀಗೆ ವಲಯಗಳನ್ನು ಗುರುತಿಸಲಾಗಿರುತ್ತದೆ. ಉದ್ದೇಶಿತ ಕಟ್ಟಡವು ಆ ವಲಯದಲ್ಲಿ ಅನುಮತಿಸಲಾದ ಉಪಯೋಗಕ್ಕೆ ಹೊಂದದಿದ್ದಲ್ಲಿ, ಯೋಜನಾ ಅಧಿನಿಯಮದ 14-ಎ ಪ್ರಕರಣದಂತೆ ಭೂ ಉಪಯೋಗ ಬದಲಾವಣೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಇಂತಹ ಬದಲಾವಣೆಗೆ ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ.

ಸಾಮಾನ್ಯವಾಗಿ ಈ ಕೆಳಗಿನ ದಾಖಲೆಗಳು ಅಗತ್ಯವಾಗಿರುತ್ತವೆ:

– ಮಾಲೀಕತ್ವವನ್ನು ದೃಢಪಡಿಸುವ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಥವಾ ಹಂಚಿಕೆ ಪತ್ರ
– ಚಾಲ್ತಿಯಲ್ಲಿರುವ ಖಾತೆ ಅಥವಾ ಇ-ಖಾತೆ
– ಚಾಲ್ತಿ ಸಾಲಿನವರೆಗಿನ ಆಸ್ತಿ ತೆರಿಗೆ ರಸೀದಿ
– ಋಣಭಾರ ಪ್ರಮಾಣ ಪತ್ರ
– ಅನುಮೋದಿತ ವಿನ್ಯಾಸ ನಕ್ಷೆಯ ಪ್ರತಿ, ಅಗತ್ಯವಿದ್ದಲ್ಲಿ ಭೂಪರಿವರ್ತನಾ ಆದೇಶ
– ನೋಂದಾಯಿತ ವಾಸ್ತುಶಿಲ್ಪಿ ಅಥವಾ ಅಭಿಯಂತರರು ಸಿದ್ಧಪಡಿಸಿ ಸಹಿ ಮಾಡಿದ ಕಟ್ಟಡ ನಕ್ಷೆ
– ಬಹುಮಹಡಿ ಕಟ್ಟಡಗಳಿಗೆ ರಚನಾ ಅಭಿಯಂತರರ ವಿನ್ಯಾಸ ಹಾಗೂ ಪ್ರಮಾಣ ಪತ್ರ

ಕ್ರಯಪತ್ರದಲ್ಲಿರುವ ಚೆಕ್ಕುಬಂದಿ ಮತ್ತು ಅಳತೆಗಳು ಸ್ಥಳದಲ್ಲಿರುವ ಅಳತೆಗಳಿಗೆ ಹೊಂದುತ್ತವೆಯೇ ಎಂಬುದನ್ನು ನಕ್ಷೆ ತಯಾರಿಸುವ ಮೊದಲೇ ಅಳೆದು ನೋಡಬೇಕು. ಸ್ಥಳದಲ್ಲಿ ಜಾಗ ಕಡಿಮೆಯಿದ್ದು ದಾಖಲೆಯಲ್ಲಿ ಹೆಚ್ಚಿದ್ದರೆ, ನಕ್ಷೆಯಲ್ಲಿ ತೋರಿಸಿದ ತೆರವು ಜಾಗವನ್ನು ಬಿಡಲು ಸಾಧ್ಯವಾಗದೆ ಮುಂದೆ ಉಲ್ಲಂಘನೆಯ ಪ್ರಶ್ನೆ ಏಳುತ್ತದೆ.

5. ಅರ್ಜಿಯ ಪರಿಶೀಲನೆ

ಸ್ವೀಕೃತವಾದ ಅರ್ಜಿಯನ್ನು ಮುಖ್ಯವಾಗಿ ನಾಲ್ಕು ದೃಷ್ಟಿಯಿಂದ ಪರಿಶೀಲಿಸಲಾಗುತ್ತದೆ: ದಾಖಲೆಗಳ ಸಮರ್ಪಕತೆ, ಭೂ ಉಪಯೋಗಕ್ಕೆ ಹೊಂದಾಣಿಕೆ, ವಲಯ ನಿಯಮಾವಳಿ ಹಾಗೂ ಕಟ್ಟಡ ಉಪವಿಧಿಗಳ ಪಾಲನೆ, ಮತ್ತು ಸ್ಥಳದ ವಾಸ್ತವಾಂಶ. ನ್ಯೂನತೆಗಳಿದ್ದಲ್ಲಿ ಅರ್ಜಿದಾರರಿಗೆ ತಿಳಿಸಲಾಗುತ್ತದೆ. ಎಲ್ಲವೂ ಸರಿಯಿದ್ದಲ್ಲಿ ಪರವಾನಗಿ ಶುಲ್ಕ, ಅಭಿವೃದ್ಧಿ ಶುಲ್ಕ, ಕಟ್ಟಡ ಕಾರ್ಮಿಕರ ಕಲ್ಯಾಣ ಉಪಕರ ಮುಂತಾದವುಗಳಲ್ಲಿ ಅನ್ವಯವಾಗುವ ಮೊತ್ತವನ್ನು ಪಾವತಿಸಿದ ನಂತರ ನಕ್ಷೆಯನ್ನು ಮಂಜೂರು ಮಾಡಲಾಗುತ್ತದೆ. ಪ್ರತಿಯೊಂದು ಪಾವತಿಗೂ ರಸೀದಿ ಪಡೆಯುವುದು ಅರ್ಜಿದಾರರ ಹಕ್ಕು.

ಮಂಜೂರಾತಿಯನ್ನು ನಿರಾಕರಿಸಿದಲ್ಲಿ ಕಾರಣಗಳನ್ನು ಲಿಖಿತವಾಗಿ ಪಡೆಯಬೇಕು. ಮೇಲ್ಮನವಿ ಸಲ್ಲಿಸಲು ಅಥವಾ ನಕ್ಷೆಯನ್ನು ತಿದ್ದಿ ಮರುಸಲ್ಲಿಸಲು ಅದೇ ಆಧಾರ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಅಥವಾ ಶುಲ್ಕ ಪಾವತಿಸಿದ ಮಾತ್ರಕ್ಕೆ ಕಾಮಗಾರಿ ಪ್ರಾರಂಭಿಸಬಾರದು.

ಬೆಂಗಳೂರಿನಲ್ಲಿ 2024ರಲ್ಲಿ ಪರಿಚಯಿಸಲಾದ ‘ನಂಬಿಕೆ ನಕ್ಷೆ’ ಯೋಜನೆಯಲ್ಲಿ ಸಣ್ಣ ವಸತಿ ಕಟ್ಟಡಗಳ ನಕ್ಷೆಗೆ ನೋಂದಾಯಿತ ವೃತ್ತಿಪರರ ಸ್ವಯಂ ಪ್ರಮಾಣೀಕರಣದ ಆಧಾರದ ಮೇಲೆ ಮೊದಲು ತಾತ್ಕಾಲಿಕ ಅನುಮೋದನೆ ನೀಡಿ, ಬಳಿಕ ದಾಖಲೆಗಳನ್ನು ಪರಿಶೀಲಿಸುವ ಕ್ರಮವನ್ನು ಅನುಸರಿಸಲಾಯಿತು. ಇಂತಹ ವ್ಯವಸ್ಥೆಯಲ್ಲಿ ಅನುಮೋದನೆ ಬೇಗ ದೊರೆಯುತ್ತದೆಯಾದರೂ ತಪ್ಪು ಮಾಹಿತಿ ನೀಡಿದ್ದಲ್ಲಿ ಅದರ ಹೊಣೆ ಮಾಲೀಕರು ಹಾಗೂ ನಕ್ಷೆಗೆ ಸಹಿ ಮಾಡಿದವರ ಮೇಲಿರುತ್ತದೆ.

6. ವಲಯ ನಿಯಮಗಳನ್ನು ಅರ್ಥಮಾಡಿಕೊಳ್ಳುವ ಬಗೆ

ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬುದು ನಿವೇಶನದ ಅಳತೆ, ಎದುರಿನ ರಸ್ತೆಯ ಅಗಲ ಮತ್ತು ಕಟ್ಟಡದ ಉಪಯೋಗವನ್ನು ಅವಲಂಬಿಸಿದೆ. ಮುಖ್ಯ ಪದಗಳ ಅರ್ಥ ಹೀಗಿದೆ.

ತೆರವು ಜಾಗ (ಸೆಟ್‌ಬ್ಯಾಕ್): ನಿವೇಶನದ ಗಡಿ ಮತ್ತು ಕಟ್ಟಡದ ನಡುವೆ ನಾಲ್ಕೂ ಬದಿಗಳಲ್ಲಿ ನಿಯಮದಂತೆ ಬಿಡಬೇಕಾದ ಖಾಲಿ ಜಾಗ.

ನೆಲ ವ್ಯಾಪ್ತಿ: ನಿವೇಶನದ ಒಟ್ಟು ವಿಸ್ತೀರ್ಣದಲ್ಲಿ ಕಟ್ಟಡವು ನೆಲಮಟ್ಟದಲ್ಲಿ ಆವರಿಸಬಹುದಾದ ಶೇಕಡಾವಾರು ಪ್ರಮಾಣ.

ನೆಲ ವಿಸ್ತೀರ್ಣ ಅನುಪಾತ (ಎಫ್.ಎ.ಆರ್.): ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ನಿವೇಶನದ ವಿಸ್ತೀರ್ಣಕ್ಕೂ ಇರುವ ಅನುಪಾತ.

ಉದಾಹರಣೆಗೆ, 9 ಮೀಟರ್ ಅಗಲ ಮತ್ತು 12 ಮೀಟರ್ ಉದ್ದದ ನಿವೇಶನದ ವಿಸ್ತೀರ್ಣ 108 ಚದರ ಮೀಟರ್. ಆ ಪ್ರದೇಶದಲ್ಲಿ ನೆಲ ವ್ಯಾಪ್ತಿ ಶೇ. 75 ಹಾಗೂ ನೆಲ ವಿಸ್ತೀರ್ಣ ಅನುಪಾತ 1.75 ಎಂದು ನಿಗದಿಯಾಗಿದೆ ಎಂದಿಟ್ಟುಕೊಳ್ಳೋಣ. ಆಗ ನೆಲಮಟ್ಟದಲ್ಲಿ ಗರಿಷ್ಠ 81 ಚದರ ಮೀಟರ್, ಎಲ್ಲ ಅಂತಸ್ತುಗಳೂ ಸೇರಿ ಗರಿಷ್ಠ 189 ಚದರ ಮೀಟರ್ ಕಟ್ಟಬಹುದು. ನೆಲ ಅಂತಸ್ತು ಮತ್ತು ಮೊದಲ ಅಂತಸ್ತುಗಳನ್ನು ತಲಾ 81 ಚದರ ಮೀಟರ್‌ನಂತೆ ಕಟ್ಟಿದರೆ 162 ಚದರ ಮೀಟರ್ ಆಗುತ್ತದೆ. ಎರಡನೆಯ ಅಂತಸ್ತಿಗೆ ಉಳಿಯುವುದು 27 ಚದರ ಮೀಟರ್ ಮಾತ್ರ. ಎರಡನೆಯ ಅಂತಸ್ತನ್ನೂ ಪೂರ್ಣವಾಗಿ ಕಟ್ಟಿದಲ್ಲಿ ಒಟ್ಟು 243 ಚದರ ಮೀಟರ್ ಆಗಿ, ಅನುಮತಿಸಿದ ಮಿತಿಗಿಂತ 54 ಚದರ ಮೀಟರ್, ಅಂದರೆ ಸುಮಾರು ಶೇ. 28.6ರಷ್ಟು ಹೆಚ್ಚಾಗುತ್ತದೆ. ‘ಒಂದೇ ಒಂದು ಮಹಡಿ’ ಎಂದು ತೋರುವ ಹೆಚ್ಚುವರಿ ನಿರ್ಮಾಣವು ಕಾನೂನಿನ ದೃಷ್ಟಿಯಲ್ಲಿ ಎಷ್ಟು ದೊಡ್ಡ ಉಲ್ಲಂಘನೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೇಲಿನ ಅಂಕಿಗಳು ಲೆಕ್ಕದ ರೀತಿಯನ್ನು ತಿಳಿಸಲು ಮಾತ್ರ. ವಾಸ್ತವ ಮಿತಿಗಳು ಊರಿನಿಂದ ಊರಿಗೆ ಭಿನ್ನವಾಗಿರುತ್ತವೆ.

7. ಇತರೆ ಇಲಾಖೆಗಳ ನಿರಾಕ್ಷೇಪಣಾ ಪತ್ರ

ಕೆಲವು ಸ್ಥಳಗಳಲ್ಲಿ ಸ್ಥಳೀಯ ಸಂಸ್ಥೆಯ ಅನುಮತಿಯೊಂದೇ ಸಾಲುವುದಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತಲಿನ 100 ಮೀಟರ್ ಪ್ರದೇಶವು ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ಪ್ರದೇಶವು ನಿಯಂತ್ರಿತ ಪ್ರದೇಶವಾಗಿದೆ. ವಿಜಯಪುರ, ಬೀದರ್, ಬಾದಾಮಿ, ಶ್ರೀರಂಗಪಟ್ಟಣಗಳಂತಹ ಊರುಗಳಲ್ಲಿ ಸ್ಮಾರಕಗಳು ಜನವಸತಿಯ ನಡುವೆಯೇ ಇರುವುದರಿಂದ ಅಲ್ಲಿನ ನಿವಾಸಿಗಳು ಮನೆ ದುರಸ್ತಿಗೂ ಮುನ್ನ ಈ ನಿಯಮವನ್ನು ವಿಚಾರಿಸಿಕೊಳ್ಳಬೇಕು. ಉಡುಪಿ, ಮಂಗಳೂರು, ಕಾರವಾರ ಮುಂತಾದ ಕಡೆ ಸಮುದ್ರ ಹಾಗೂ ಹಿನ್ನೀರಿನ ಸಮೀಪದ ನಿವೇಶನಗಳಿಗೆ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ, ವಿಮಾನ ನಿಲ್ದಾಣದ ಸಮೀಪದ ಕಟ್ಟಡಗಳಿಗೆ ವಿಮಾನ ನಿಲ್ದಾಣ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರಗಳು ಬೇಕಾಗುತ್ತವೆ. ಕೆರೆ, ಹಳ್ಳ ಮತ್ತು ರಾಜಕಾಲುವೆಗಳ ಅಂಚಿನಲ್ಲಿ ನಿಗದಿತ ಮೀಸಲು ವಲಯವನ್ನು ಬಿಡುವುದು ಕಡ್ಡಾಯ.

8. ಕಾಮಗಾರಿಯ ಅವಧಿಯಲ್ಲಿ

ಪರವಾನಗಿಯು ನಿರ್ದಿಷ್ಟ ಅವಧಿಗೆ ಮಾತ್ರ ಊರ್ಜಿತದಲ್ಲಿರುತ್ತದೆ. ಆ ಅವಧಿಯನ್ನು ಪರವಾನಗಿ ಪತ್ರದಲ್ಲಿ ನಮೂದಿಸಲಾಗಿರುತ್ತದೆ. ಅವಧಿಯೊಳಗೆ ಕಾಮಗಾರಿ ಮುಗಿಯದಿದ್ದಲ್ಲಿ ನವೀಕರಣಕ್ಕೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಬೇಕು. ಮಂಜೂರಾದ ನಕ್ಷೆಯ ಪ್ರತಿಯನ್ನು ಕಾಮಗಾರಿ ಮುಗಿಯುವವರೆಗೂ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. ಸ್ಥಳೀಯ ಸಂಸ್ಥೆಯ ಅಧಿಕಾರಿಗಳು ನಿಯತವಾಗಿ ತಪಾಸಣೆ ನಡೆಸಿ ಅದರ ದಾಖಲೆ ಇಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿದೆ.

ಕಾಮಗಾರಿ ನಡೆಯುತ್ತಿರುವಾಗ ನಕ್ಷೆಯಲ್ಲಿ ಬದಲಾವಣೆ ಅಗತ್ಯವೆನಿಸಿದಲ್ಲಿ ಮೊದಲು ಪರಿಷ್ಕೃತ ನಕ್ಷೆಗೆ ಮಂಜೂರಾತಿ ಪಡೆದು ನಂತರ ಕಟ್ಟಬೇಕು. ಗುತ್ತಿಗೆದಾರರು ಅಥವಾ ಮೇಸ್ತ್ರಿಗಳು ಸ್ಥಳದಲ್ಲಿ ನೀಡುವ ಸಲಹೆಯಂತೆ ಬಾಲ್ಕನಿಯನ್ನು ಮುಂದಕ್ಕೆ ಚಾಚುವುದು, ಮೆಟ್ಟಿಲನ್ನು ತೆರವು ಜಾಗಕ್ಕೆ ತರುವುದು, ವಾಹನ ನಿಲುಗಡೆಯ ಜಾಗದಲ್ಲಿ ಅಂಗಡಿ ಮಳಿಗೆ ಮಾಡುವುದು ಇವು ಸಾಮಾನ್ಯವಾಗಿ ಕಂಡುಬರುವ ಉಲ್ಲಂಘನೆಗಳು. ಇವುಗಳಿಗೆ ಕಾನೂನಿನ ಮುಂದೆ ಉತ್ತರಿಸಬೇಕಾದವರು ಮಾಲೀಕರು.

9. ಸ್ವಾಧೀನಾನುಭವ ಪ್ರಮಾಣ ಪತ್ರ

ಕಟ್ಟಡವು ಮಂಜೂರಾದ ನಕ್ಷೆಯಂತೆ ಪೂರ್ಣಗೊಂಡಿದೆ ಮತ್ತು ವಾಸಕ್ಕೆ ಯೋಗ್ಯವಾಗಿದೆ ಎಂಬುದಕ್ಕೆ ಸ್ಥಳೀಯ ಸಂಸ್ಥೆಯು ನೀಡುವ ಪತ್ರವೇ ಸ್ವಾಧೀನಾನುಭವ ಪ್ರಮಾಣ ಪತ್ರ. ಹಿಂದೆ ಅನೇಕರು ಇದನ್ನು ಪಡೆಯದೆಯೇ ವಾಸ ಪ್ರಾರಂಭಿಸುತ್ತಿದ್ದರು. ಮೇಲೆ ಹೇಳಿದ 2024ರ ಡಿಸೆಂಬರ್ 17ರ ತೀರ್ಪಿನ ನಂತರ ಇದರ ಮಹತ್ವ ಬಹಳ ಹೆಚ್ಚಿದೆ. ಆ ತೀರ್ಪಿನ ಮುಖ್ಯ ನಿರ್ದೇಶನಗಳು ಹೀಗಿವೆ:

– ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕಗಳನ್ನು ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣ ಪತ್ರ ಹಾಜರುಪಡಿಸಿದ ನಂತರವೇ ನೀಡಬೇಕು.
– ಬ್ಯಾಂಕುಗಳು ಕಟ್ಟಡದ ಭದ್ರತೆಯ ಮೇಲೆ ಸಾಲ ನೀಡುವ ಮೊದಲು ಈ ಪತ್ರವನ್ನು ಪರಿಶೀಲಿಸಬೇಕು.
– ಅನಧಿಕೃತ ಕಟ್ಟಡಗಳಲ್ಲಿ ವ್ಯಾಪಾರ ನಡೆಸಲು ಪರವಾನಗಿ ನೀಡಬಾರದು.
– ನಿಯಮಬಾಹಿರವಾಗಿ ಪತ್ರ ನೀಡಿದ ಅಧಿಕಾರಿಗಳ ಮೇಲೆ ಕ್ರಮ ಜರುಗಿಸಬೇಕು.

ಈ ತೀರ್ಪಿನ ಪರಿಣಾಮವಾಗಿ 2025ರಲ್ಲಿ ರಾಜ್ಯದ ಅನೇಕ ಹೊಸ ಮನೆಗಳ ಮಾಲೀಕರು ವಿದ್ಯುತ್ ಸಂಪರ್ಕ ಪಡೆಯಲು ತೊಂದರೆ ಅನುಭವಿಸಿದರು. ಸಾಲ ಮಾಡಿ ಮನೆ ಕಟ್ಟಿದ ಕುಟುಂಬಕ್ಕೆ ಗೃಹಪ್ರವೇಶದ ನಂತರವೂ ಬೆಳಕು, ನೀರು ದೊರೆಯದೆ, ಬಾಡಿಗೆ ಮತ್ತು ಸಾಲದ ಕಂತು ಎರಡನ್ನೂ ಕಟ್ಟಬೇಕಾಗಿ ಬರುವುದು ಸಣ್ಣ ಸಂಕಷ್ಟವಲ್ಲ. ಸಣ್ಣ ವಸತಿ ಕಟ್ಟಡಗಳಿಗೆ ಸರ್ಕಾರವು ಆದೇಶದ ಮೂಲಕ ವಿನಾಯಿತಿ ನೀಡಬಹುದಾಗಿದ್ದು, ತಮ್ಮ ಕಟ್ಟಡಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಸ್ಥಳೀಯ ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು. ವಿನಾಯಿತಿ ದೊರೆತರೂ ನಕ್ಷೆ ಮಂಜೂರಾತಿಯ ಅಗತ್ಯ ತಪ್ಪುವುದಿಲ್ಲ.

10. ಉಲ್ಲಂಘನೆಯ ಸಂದರ್ಭದಲ್ಲಿ ಜರುಗಿಸುವ ಕ್ರಮ

ಪರವಾನಗಿಯಿಲ್ಲದೆ ಅಥವಾ ನಕ್ಷೆಗೆ ವಿರುದ್ಧವಾಗಿ ಕಟ್ಟುತ್ತಿರುವುದು ಕಂಡುಬಂದಲ್ಲಿ ಕಾಮಗಾರಿ ನಿಲ್ಲಿಸಲು ಸೂಚನೆ ನೀಡಲಾಗುತ್ತದೆ. ಪೌರ ನಿಗಮಗಳ ಅಧಿನಿಯಮದ 321ನೆಯ ಪ್ರಕರಣದಲ್ಲಿ ಕ್ರಮವಾಗಿ ಮೂರು ಹಂತಗಳಿವೆ. ಮೊದಲನೆಯದಾಗಿ, ಆಯುಕ್ತರು ಉಲ್ಲಂಘನೆಯ ಭಾಗವನ್ನು ಕೆಡವಲು ಅಥವಾ ಸರಿಪಡಿಸಲು ತಾತ್ಕಾಲಿಕ ಆದೇಶ ಹೊರಡಿಸುತ್ತಾರೆ. ಎರಡನೆಯದಾಗಿ, ಆ ಆದೇಶವನ್ನು ಏಕೆ ದೃಢೀಕರಿಸಬಾರದೆಂದು ಕಾರಣ ಕೇಳುವ ನೋಟಿಸನ್ನು ಮಾಲೀಕರಿಗೆ ಜಾರಿ ಮಾಡಲಾಗುತ್ತದೆ. ಮೂರನೆಯದಾಗಿ, ಮಾಲೀಕರ ಉತ್ತರವನ್ನು ಪರಿಗಣಿಸಿ, ಅದು ಸಮಾಧಾನಕರವಲ್ಲವೆಂದು ಕಂಡುಬಂದಲ್ಲಿ ಆದೇಶವನ್ನು ದೃಢೀಕರಿಸಲಾಗುತ್ತದೆ. ದೃಢೀಕೃತ ಆದೇಶವನ್ನು ಮಾಲೀಕರು ಪಾಲಿಸದಿದ್ದಲ್ಲಿ ಪಾಲಿಕೆಯೇ ತೆರವುಗೊಳಿಸಿ ವೆಚ್ಚವನ್ನು ಮಾಲೀಕರಿಂದ ವಸೂಲು ಮಾಡಬಹುದು. ಅನಧಿಕೃತ ನಿರ್ಮಾಣವನ್ನು ತಡೆಯಲು ವಿಫಲರಾದ ಅಧಿಕಾರಿಗಳನ್ನು ದಂಡನೆಗೆ ಒಳಪಡಿಸುವ ಉಪಬಂಧವೂ ಕಾನೂನಿನಲ್ಲಿದೆ.

ಈ ಅಧಿಕಾರಕ್ಕೂ ಮಿತಿಗಳಿವೆ. ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ನೀಡಿದ ತೀರ್ಪಿನಂತೆ ಕಟ್ಟಡ ತೆರವಿಗೆ ಮುನ್ನ ಕನಿಷ್ಠ 15 ದಿನಗಳ ಅಥವಾ ಸ್ಥಳೀಯ ಕಾನೂನಿನಲ್ಲಿರುವ ಅವಧಿಯ, ಇವುಗಳಲ್ಲಿ ಯಾವುದು ನಂತರದ್ದೋ ಅಷ್ಟು ಅವಧಿಯ ನೋಟಿಸನ್ನು ನೋಂದಾಯಿತ ಅಂಚೆಯ ಮೂಲಕ ಕಳುಹಿಸಬೇಕು ಹಾಗೂ ಕಟ್ಟಡದ ಮೇಲೂ ಅಂಟಿಸಬೇಕು. ಮಾಲೀಕರಿಗೆ ಖುದ್ದು ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕು. ಅಂತಿಮ ಆದೇಶದಲ್ಲಿ ಕಾರಣಗಳನ್ನು ನಮೂದಿಸಬೇಕು. ಉಲ್ಲಂಘನೆಯು ಸಕ್ರಮಗೊಳಿಸಲು ಸಾಧ್ಯವಾದುದೇ, ತೆರವು ಮಾತ್ರವೇ ಉಳಿದ ದಾರಿಯೇ ಎಂಬುದನ್ನೂ ತಿಳಿಸಬೇಕು. ಅಂತಿಮ ಆದೇಶದ ನಂತರವೂ 15 ದಿನಗಳ ಕಾಲಾವಕಾಶ ನೀಡಬೇಕು. ತೆರವು ಕಾರ್ಯವನ್ನು ವಿಡಿಯೋ ಚಿತ್ರೀಕರಣ ಮಾಡಬೇಕು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಪಕ್ಕ, ನದಿ ಅಥವಾ ಜಲಮೂಲಗಳಂತಹ ಸಾರ್ವಜನಿಕ ಸ್ಥಳಗಳಲ್ಲಿನ ಅನಧಿಕೃತ ನಿರ್ಮಾಣಗಳಿಗೆ ಮತ್ತು ನ್ಯಾಯಾಲಯವೇ ತೆರವಿಗೆ ಆದೇಶಿಸಿದ ಪ್ರಕರಣಗಳಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ.

ನೋಟಿಸು ಬಂದಾಗ ಅದನ್ನು ಸ್ವೀಕರಿಸದೆ ಹಿಂದಿರುಗಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ನಿಗದಿತ ದಿನದೊಳಗೆ ಮಂಜೂರಾದ ನಕ್ಷೆ, ರಸೀದಿಗಳು ಹಾಗೂ ಛಾಯಾಚಿತ್ರಗಳೊಂದಿಗೆ ಲಿಖಿತ ಉತ್ತರ ಸಲ್ಲಿಸಿ ಸ್ವೀಕೃತಿ ಪಡೆಯುವುದೇ ಸರಿಯಾದ ಮಾರ್ಗ. ಪೌರ ನಿಗಮಗಳ ಅಧಿನಿಯಮದಡಿ ದೃಢೀಕೃತ ಆದೇಶದ ವಿರುದ್ಧ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

11. ಸಕ್ರಮೀಕರಣದ ಕುರಿತು ಎಚ್ಚರಿಕೆ

ಉಪವಿಧಿಗಳಲ್ಲಿ ನಿಗದಿಪಡಿಸಿದ ಅಲ್ಪ ಪ್ರಮಾಣದ ವ್ಯತ್ಯಾಸವನ್ನು ದಂಡ ವಿಧಿಸಿ ಒಪ್ಪಿಕೊಳ್ಳಲು ಅವಕಾಶವಿರುತ್ತದೆ. ಅದನ್ನು ಮೀರಿದ ಉಲ್ಲಂಘನೆಗಳ ಸಕ್ರಮಕ್ಕಾಗಿ ರಾಜ್ಯ ಸರ್ಕಾರವು ‘ಅಕ್ರಮ-ಸಕ್ರಮ’ ಯೋಜನೆಯನ್ನು ರೂಪಿಸಿತ್ತು. 2013ರ ಅಕ್ಟೋಬರ್ 19ಕ್ಕೆ ಮೊದಲಿನ ನಿರ್ಮಾಣಗಳಲ್ಲಿ ವಸತಿ ಕಟ್ಟಡಗಳಿಗೆ ಶೇ. 50ರವರೆಗೆ, ವಾಣಿಜ್ಯ ಕಟ್ಟಡಗಳಿಗೆ ಶೇ. 25ರವರೆಗೆ ಉಲ್ಲಂಘನೆಯನ್ನು ಸಕ್ರಮಗೊಳಿಸುವುದು ಅದರ ಉದ್ದೇಶವಾಗಿತ್ತು. ರಾಜ್ಯ ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಈ ಯೋಜನೆಯನ್ನು ಎತ್ತಿಹಿಡಿಯಿತಾದರೂ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತು. ‘ಈಗ ಕಟ್ಟಿಬಿಡೋಣ, ಮುಂದೆ ಸಕ್ರಮವಾಗುತ್ತದೆ’ ಎಂಬ ನಂಬಿಕೆಯ ಮೇಲೆ ಜೀವಮಾನದ ಉಳಿತಾಯವನ್ನು ತೊಡಗಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಪ್ರಕರಣವೇ ನಿದರ್ಶನ. ಸಕ್ರಮದ ಭರವಸೆ ನೀಡಿ ಹಣ ಕೇಳುವ ಮಧ್ಯವರ್ತಿಗಳಿಂದ ದೂರವಿರಲು ಸಾರ್ವಜನಿಕರಲ್ಲಿ ಕೋರಲಾಗಿದೆ.

12. ನೆರೆಹೊರೆಯವರ ಹಾಗೂ ಸಾರ್ವಜನಿಕರ ಹಕ್ಕುಗಳು

ಮಹಾಯೋಜನೆಯ ಕರಡನ್ನು ಪ್ರಕಟಿಸಿದಾಗ 60 ದಿನಗಳೊಳಗೆ ಯಾವುದೇ ನಾಗರಿಕರು ಸಲಹೆ, ಆಕ್ಷೇಪಣೆಗಳನ್ನು ಸಲ್ಲಿಸಬಹುದು. ತಮ್ಮ ಬೀದಿಯು ವಸತಿ ವಲಯವಾಗಿ ಉಳಿಯಬೇಕೇ, ರಸ್ತೆ ಅಗಲೀಕರಣದ ರೇಖೆ ತಮ್ಮ ಮನೆಯ ಮೇಲೆ ಹಾದುಹೋಗುತ್ತದೆಯೇ ಎಂಬ ವಿಷಯಗಳು ತೀರ್ಮಾನವಾಗುವುದು ಈ ಹಂತದಲ್ಲಿಯೇ.

ಪಕ್ಕದ ನಿವೇಶನದಲ್ಲಿ ನಿಯಮಬಾಹಿರ ನಿರ್ಮಾಣ ನಡೆಯುತ್ತಿರುವುದು ಕಂಡುಬಂದಲ್ಲಿ ಸ್ವತ್ತಿನ ವಿವರ, ದಿನಾಂಕ ಹಾಗೂ ಛಾಯಾಚಿತ್ರಗಳೊಂದಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. ಪಾಯದ ಹಂತದಲ್ಲಿ ನೀಡಿದ ದೂರು ಹೆಚ್ಚು ಪರಿಣಾಮಕಾರಿ. ಕಟ್ಟಡ ಪೂರ್ಣಗೊಂಡು ಬಾಡಿಗೆದಾರರು ಬಂದ ನಂತರ ಕ್ರಮ ಜರುಗಿಸುವುದು ಎಲ್ಲರಿಗೂ ಕಷ್ಟಕರ. ಮಂಜೂರಾದ ನಕ್ಷೆ ಹಾಗೂ ತಪಾಸಣಾ ವರದಿಯ ಮಾಹಿತಿಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಂತೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಅಂತಹ ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕಾಗಿರುತ್ತದೆ. ಗಡಿ ಅಥವಾ ಮಾಲೀಕತ್ವದ ಕುರಿತ ವಿವಾದಗಳನ್ನು ಸ್ಥಳೀಯ ಸಂಸ್ಥೆಯು ತೀರ್ಮಾನಿಸುವುದಿಲ್ಲ. ಅವು ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಸೇರಿವೆ.

13. ಫ್ಲ್ಯಾಟ್ ಅಥವಾ ನಿವೇಶನ ಕೊಳ್ಳುವವರಿಗೆ

500 ಚದರ ಮೀಟರ್‌ಗಿಂತ ಹೆಚ್ಚಿನ ಜಮೀನಿನ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್‌ಗಳ ಯೋಜನೆಗಳನ್ನು 2016ರ ರಿಯಲ್ ಎಸ್ಟೇಟ್ ಅಧಿನಿಯಮದಂತೆ ರೇರಾ ಪ್ರಾಧಿಕಾರದಲ್ಲಿ ನೋಂದಾಯಿಸುವುದು ಕಡ್ಡಾಯ. ಮುಂಗಡ ಹಣ ನೀಡುವ ಮೊದಲು ನೋಂದಣಿ ಸಂಖ್ಯೆ, ಮಂಜೂರಾದ ನಕ್ಷೆ ಮತ್ತು ಅದರಲ್ಲಿ ಅನುಮತಿಸಿದ ಅಂತಸ್ತುಗಳ ಸಂಖ್ಯೆಯನ್ನು ಪರಿಶೀಲಿಸಿ. ಕೊಳ್ಳಲಿರುವ ಫ್ಲ್ಯಾಟ್ ಆ ನಕ್ಷೆಯಲ್ಲಿದೆಯೇ ಎಂದು ನೋಡಿ. ನಕ್ಷೆಯಲ್ಲಿ ಇಲ್ಲದ ಅಂತಸ್ತಿನಲ್ಲಿರುವ ಮನೆಗೆ ಕ್ರಯಪತ್ರ ನೋಂದಣಿಯಾದರೂ ಆ ಮನೆಯು ಅನಧಿಕೃತವಾಗಿಯೇ ಉಳಿಯುತ್ತದೆ.

14. ಸೇವೆಯಲ್ಲಿ ವಿಳಂಬವಾದಲ್ಲಿ

ಕಟ್ಟಡ ಪರವಾನಗಿಯು 2011ರ ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ, ಅಂದರೆ ‘ಸಕಾಲ’ದ ವ್ಯಾಪ್ತಿಯಲ್ಲಿದೆ. ಅರ್ಜಿ ಸಲ್ಲಿಸಿದಾಗ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಸಕಾರಣವಿಲ್ಲದೆ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ, ತದನಂತರ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕಾಗಿ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಗಳ ಪರಿಹಾರಕ್ಕೆ ಅವಕಾಶವಿದೆ. ಲಂಚದ ಬೇಡಿಕೆಯ ಬಗ್ಗೆ ಲೋಕಾಯುಕ್ತಕ್ಕೆ ದೂರು ನೀಡಬಹುದು.

15. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಹೆಂಚಿನ ಮನೆಯನ್ನು ಕೆಡವಿ ಅದೇ ಅಳತೆಯಲ್ಲಿ ಮತ್ತೆ ಕಟ್ಟಲು ಅನುಮತಿ ಬೇಕೇ?
ಉತ್ತರ: ಬೇಕು. ಮರುನಿರ್ಮಾಣವನ್ನು ಹೊಸ ನಿರ್ಮಾಣದಂತೆಯೇ ಪರಿಗಣಿಸಲಾಗುತ್ತದೆ. ಬಣ್ಣ ಬಳಿಯುವುದು, ಹೆಂಚು ಬದಲಾಯಿಸುವಂತಹ ಸಣ್ಣಪುಟ್ಟ ದುರಸ್ತಿಗಳಿಗೆ ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲವಾದರೂ ಸಂರಕ್ಷಿತ ಸ್ಮಾರಕಗಳ ಸಮೀಪದಲ್ಲಿ ನಿಯಮಗಳು ಭಿನ್ನವಾಗಿರುತ್ತವೆ.

ಪ್ರಶ್ನೆ: ಮನೆಯ ಮುಂಭಾಗವನ್ನು ಅಂಗಡಿಯಾಗಿ ಪರಿವರ್ತಿಸಬಹುದೇ?
ಉತ್ತರ: ವಲಯ ನಿಯಮಾವಳಿಯಲ್ಲಿ ಅನುಮತಿಸಿದ್ದಲ್ಲಿ ಮಾತ್ರ, ಪೂರ್ವಾನುಮತಿಯೊಂದಿಗೆ ಪರಿವರ್ತಿಸಬಹುದು. ಉದ್ದಿಮೆ ಪರವಾನಗಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಪ್ರಶ್ನೆ: ಬೀದಿಯಲ್ಲಿ ಎಲ್ಲರೂ ಹೆಚ್ಚುವರಿ ಅಂತಸ್ತು ಕಟ್ಟಿದ್ದಾರೆ. ನನಗೆ ಮಾತ್ರ ನೋಟಿಸು ಬಂದಿದೆ. ಏನು ಮಾಡಬೇಕು?
ಉತ್ತರ: ಇತರರ ಉಲ್ಲಂಘನೆಯು ತಮ್ಮ ಉಲ್ಲಂಘನೆಗೆ ಸಮರ್ಥನೆಯಾಗುವುದಿಲ್ಲ. ಇತರರ ವಿರುದ್ಧ ದೂರು ನೀಡುವ ಹಕ್ಕು ತಮಗಿದೆ. ಆದರೆ ತಮಗೆ ಬಂದ ನೋಟಿಸಿಗೆ ಅವಧಿಯೊಳಗೆ ಪ್ರತ್ಯೇಕವಾಗಿ ಉತ್ತರಿಸಲೇಬೇಕು.

ಪ್ರಶ್ನೆ: ಪರವಾನಗಿ, ನಕ್ಷೆಗಳ ಮೂಲ ಪ್ರತಿಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು?
ಉತ್ತರ: ಕಟ್ಟಡ ಇರುವವರೆಗೂ. ಮಾರಾಟ, ಸಾಲ, ವಿಭಾಗ, ಮೇಲಂತಸ್ತಿನ ನಿರ್ಮಾಣ ಮುಂತಾದ ಸಂದರ್ಭಗಳಲ್ಲಿ ಈ ದಾಖಲೆಗಳು ಅಗತ್ಯವಾಗುತ್ತವೆ.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ನಗರ ಯೋಜನಾ ವಿಭಾಗವನ್ನು, ಭೂ ಉಪಯೋಗದ ವಿವರಗಳಿಗಾಗಿ ಸಂಬಂಧಪಟ್ಟ ಯೋಜನಾ ಪ್ರಾಧಿಕಾರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.